ನೆನಪೇ ಇಲ್ಲದವರು ಬರೆದ ನೆನಪಿನ ಕಾದಂಬರಿಗಳು

ಪ್ರಶ್ನೆ: ಪತ್ರಿಕ್ ಮೊದಿಯಾನೊ ಅವರ ‘ಡೋರಾ ಬ್ರೂಡರ್’, ಆನಿ ಎರ್ನೊ ಅವರ ‘ದಿ ಇಯರ್ಸ್’ ಎರಡನ್ನೂ ಇಂಗ್ಲಿಷಿನಲ್ಲಿ ಒಂದರ ಹಿಂದೊಂದು ಓದಿದೆ. ಮೊದಲನೆಯದರಲ್ಲಿ ಲೇಖಕರು ಕಡತ ಹುಡುಕುತ್ತಾ ಬೀದಿ ಬೀದಿ ಸುತ್ತುತ್ತಾರೆ, ಹುಡುಗಿಯ ಕಥೆ ಮಾತ್ರ ಕೈಗೆ ಸಿಗುವುದೇ ಇಲ್ಲ. ಎರಡನೆಯದರಲ್ಲಿ ಒಂದು ಫೋಟೊ ಮುಗಿದರೆ ಇನ್ನೊಂದು ಫೋಟೊ. ಆತ್ಮಕಥೆ ಅನ್ನುತ್ತಾರೆ, ಆದರೆ ‘ನಾನು’ ಅನ್ನುವವರೇ ಅಲ್ಲಿಲ್ಲ. ಇವನ್ನು ಕಾದಂಬರಿ ಎನ್ನಬಹುದೇ? ಫ್ರೆಂಚ್ ಲೇಖಕರು ನೆನಪಿನ ವಿಷಯವನ್ನು ಯಾಕೆ ಬಿಡಲೊಲ್ಲರು? ಇದೆಲ್ಲ ಪ್ರೂಸ್ತ್‌ನಿಂದ ಬಂದದ್ದೇ? ಮುಂದೆ ಏನು ಓದಲಿ?

ಉತ್ತರ: ಪ್ರೂಸ್ತ್‌ನಿಂದಲೇ ಶುರು ಮಾಡೋಣ, ನಿಮ್ಮ ಉಳಿದ ಪ್ರಶ್ನೆಗಳ ಗಂಟು ಇರುವುದೂ ಅಲ್ಲೇ. ಮಾರ್ಸೆಲ್ ಪ್ರೂಸ್ತ್‌ನ ಮಹಾಕಾದಂಬರಿಯ ಮೊದಲ ಸಂಪುಟ 1913ರಲ್ಲಿ ಬಂತು. ಕೊನೆಯದು ಬಂದದ್ದು ಅವನು ತೀರಿಕೊಂಡ ಐದು ವರ್ಷಕ್ಕೆ, 1927ರಲ್ಲಿ. ಅದರ ನಿರೂಪಕ ಚಹಾದಲ್ಲಿ ಅದ್ದಿದ ಮಾದ್ಲೇನ್ ಎಂಬ ಪುಟ್ಟ ಕೇಕಿನ ಚೂರನ್ನು ಬಾಯಿಗಿಡುತ್ತಾನೆ. ಬಾಲ್ಯದ ರಜೆಗಳನ್ನು ಕಳೆದ ಕೊಂಬ್ರೇ ಎಂಬ ಊರು ಮನೆ, ತೋಟ, ಬೀದಿ, ಚರ್ಚು ಸಮೇತ ಎದ್ದು ಬರುತ್ತದೆ. ಅಲ್ಲಿ ನೆನಪು ಮರೆಯಾಗಿತ್ತು ಅಷ್ಟೆ, ನಾಶವಾಗಿರಲಿಲ್ಲ. ಅದು ಅವನೊಳಗೇ ಇತ್ತು, ಅವನದೇ ಆಗಿತ್ತು, ಒಂದು ರುಚಿ ತಗುಲಿದ್ದೇ ತಾನಾಗಿ ತೆರೆದುಕೊಂಡಿತು.

ನೀವು ಓದಿದ ಇಬ್ಬರಿಗೂ ಈ ಭಾಗ್ಯವಿಲ್ಲ. ಮೊದಿಯಾನೊ ಹುಟ್ಟಿದ್ದು 1945ರ ಜುಲೈನಲ್ಲಿ. ಅವರನ್ನು ಜೀವನಪೂರ್ತಿ ಕಾಡಿದ್ದು ಜರ್ಮನರ ವಶದಲ್ಲಿದ್ದ ಪ್ಯಾರಿಸ್. ಅಂದರೆ ತಾವು ಹುಟ್ಟುವ ಮೊದಲಿನ ಕಾಲ. ಅವರ ತಂದೆ ಯೆಹೂದಿ, ಆ ವರ್ಷಗಳನ್ನು ಕಾಳಸಂತೆಯ ವ್ಯವಹಾರದಲ್ಲಿ ಕಳೆದು ಬದುಕುಳಿದವರು, ಮಗನಿಗೆ ಆ ಬಗ್ಗೆ ಸ್ಪಷ್ಟವಾಗಿ ಏನನ್ನೂ ಹೇಳದೆ ಹೋದವರು. ತನ್ನದಲ್ಲದ ನೆನಪನ್ನು ನೆನೆಯಬೇಕಾದ ಮನುಷ್ಯ ಯಾವ ಕೇಕಿನ ಚೂರನ್ನು ನೆಚ್ಚಿಕೊಳ್ಳಬೇಕು? ಹುಡುಕುವುದೊಂದೇ ದಾರಿ. ಎರಡನೆಯ ಮಹಾಯುದ್ಧದ ನಂತರದ ಫ್ರೆಂಚ್ ಕಾದಂಬರಿಯ ಒಂದು ದೊಡ್ಡ ಭಾಗವನ್ನು ನಡೆಸಿಕೊಂಡು ಬಂದದ್ದು ಈ ಇಲ್ಲದಿರುವಿಕೆ. ನೆನಪು ಇದ್ದದ್ದರಿಂದ ಹುಟ್ಟಿದ ಕಥೆಗಳಲ್ಲ ಇವು. ನೆನಪು ಸಿಗದೆ ಹೋದದ್ದರಿಂದ ಹುಟ್ಟಿದವು. ಹಾಗಾಗಿ ಕಥೆ ಹೇಳುವುದು ಅಲ್ಲಿ ಶೋಧದ ರೂಪ ತಳೆಯಿತು.

‘ಡೋರಾ ಬ್ರೂಡರ್’ (1997) ಪುಸ್ತಕವನ್ನು ಇನ್ನೊಮ್ಮೆ ತೆರೆದು ನೋಡಿ. 1941ರ ಡಿಸೆಂಬರ್ 31ರ ‘ಪಾರಿ-ಸುವಾರ್’ ಪತ್ರಿಕೆಯಲ್ಲಿ ಒಂದು ಕಾಣೆಯಾದವರ ಪ್ರಕಟಣೆ: ಹದಿನೈದು ವರ್ಷದ ಹುಡುಗಿ, ಎತ್ತರ 1 ಮೀಟರ್ 55, ಕೋಲುಮುಖ, ಬೂದುಗಂದು ಕಣ್ಣು, ಬೂದು ಕೋಟು, ಕೆಂಗಂದು ಸ್ವೆಟರು, ಕಡುನೀಲಿ ಲಂಗ ಮತ್ತು ಟೋಪಿ, ಕಂದು ಶೂಗಳು. ಸುಳಿವು ಸಿಕ್ಕವರು 41, ಬುಲ್ವಾರ್ ಓರ್ನಾನೊ, ಈ ವಿಳಾಸಕ್ಕೆ ತಿಳಿಸಬೇಕು. ಮೊದಿಯಾನೊ ಇದನ್ನು ಓದಿದ್ದು 1988ರಲ್ಲಿ. ಅವಳು ಹುಟ್ಟಿದ ದಿನ 1926ರ ಫೆಬ್ರುವರಿ 25 ಎಂದು ಪತ್ತೆ ಮಾಡಲು ಅವರಿಗೆ ನಾಲ್ಕು ವರ್ಷ ಹಿಡಿಯಿತು. ಈ ನಡುವೆ, ಆ ಶೂನ್ಯವನ್ನು ತಡೆಯಲಾರದೆ, 1990ರಲ್ಲಿ ಒಂದು ಕಲ್ಪಿತ ಹುಡುಗಿಯ ಕಾದಂಬರಿಯನ್ನೇ ಬರೆದರು. ಬರೆದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ಕಟ್ಟುಕಥೆಯಿಂದ ತುಂಬದ ಜಾಗವನ್ನು ತುಂಬದೆಯೇ ತೋರಿಸಬೇಕು ಎಂಬ ನಿರ್ಧಾರದಿಂದ ಬಂದದ್ದು ನಿಮ್ಮ ಕೈಯಲ್ಲಿರುವ ಪುಸ್ತಕ.

ಅದರಲ್ಲಿ ಕಥೆ ಇಲ್ಲ ಅಂದಿರಿ. ಒಂದು ವಿವರದ ಬಳಿ ಸ್ವಲ್ಪ ನಿಲ್ಲಿ. 1940ರ ಅಕ್ಟೋಬರಿನಲ್ಲಿ ಯೆಹೂದಿಗಳೆಲ್ಲರೂ ಪೊಲೀಸರ ಬಳಿ ಹೆಸರು ಬರೆಸಬೇಕೆಂದು ಆಜ್ಞೆಯಾದಾಗ ತಂದೆ ಅರ್ನೆಸ್ಟ್ ಬ್ರೂಡರ್ ಮಗಳ ಹೆಸರನ್ನು ಬರೆಸಲಿಲ್ಲ. ಅವಳು ರ್‍ಯೂ ದ ಪಿಕ್ಪ್ಯೂಸ್‌ನ ಕ್ರೈಸ್ತ ಸಂನ್ಯಾಸಿನಿಯರ ವಸತಿಶಾಲೆಯಲ್ಲಿದ್ದಳು, ಪೊಲೀಸರ ಪಟ್ಟಿಯಲ್ಲಿ ಇರಲಿಲ್ಲ. 1941ರ ಡಿಸೆಂಬರ್ 14ರ ಭಾನುವಾರ ಅವಳು ಅಲ್ಲಿಂದ ಓಡಿಹೋದಳು. ಈಗ ತಂದೆಗೆ ಎರಡೇ ದಾರಿ: ಠಾಣೆಗೆ ಹೋದರೆ ಇಷ್ಟು ದಿನ ಬಚ್ಚಿಟ್ಟ ಮಗಳನ್ನು ತಾನೇ ತೋರಿಸಿಕೊಟ್ಟಂತೆ, ಹೋಗದಿದ್ದರೆ ಆ ಚಳಿಗಾಲದಲ್ಲಿ, ಕರ್ಫ್ಯೂ ಇರುವ ಊರಿನಲ್ಲಿ, ಅವಳನ್ನು ಕೈಬಿಟ್ಟಂತೆ. ಹದಿಮೂರು ದಿನ ಕಾದು, 27ರಂದು ಅವನು ಕ್ಲಿನ್ಯಾಂಕೂರ್ ಠಾಣೆಯ ಮೆಟ್ಟಿಲು ಹತ್ತಿದ. ಮೊದಿಯಾನೊ ಅವನ ಮನಸ್ಸಿನೊಳಗೆ ಹೊಕ್ಕು ಒಂದು ಪುಟ ಸಂಕಟ ಬರೆಯುವುದಿಲ್ಲ. ದಿನಾಂಕಗಳನ್ನು ಅಕ್ಕಪಕ್ಕ ಇಡುತ್ತಾರೆ. 14 ಮತ್ತು 27ರ ನಡುವಿನ ಅಂತರದಲ್ಲಿ ಒಬ್ಬ ತಂದೆಯ ನಿದ್ರೆಗೆಟ್ಟ ರಾತ್ರಿಗಳೆಲ್ಲ ಇವೆ. ಇದಕ್ಕಿಂತ ಬಿಗಿಯಾದ ಕಥನ ನನಗಂತೂ ಗೊತ್ತಿಲ್ಲ.

ಓಡಿಹೋದ ತಿಂಗಳುಗಳಲ್ಲಿ ಡೋರಾ ಎಲ್ಲಿದ್ದಳು, ಯಾರ ಜೊತೆಗಿದ್ದಳು ಎಂದು ಹೇಳುವ ಒಂದು ಚೀಟಿಯೂ ಉಳಿದಿಲ್ಲ. ಮೊದಿಯಾನೊ ಆ ಚಳಿಗಾಲದ ಹವಾಮಾನವನ್ನು ದಾಖಲಿಸುತ್ತಾರೆ: ಯಾವ ದಿನ ಹಿಮ ಬಿತ್ತು, ಯಾವಾಗ ಕೊರೆತ ಹೆಚ್ಚಿತು. ಅವಳ ಮೈಮೇಲೂ ಬಿದ್ದಿರಲೇಬೇಕಾದದ್ದು ಅದೊಂದೇ ಅಲ್ಲವೇ? 1942ರ ಏಪ್ರಿಲ್ 17ಕ್ಕೆ ಅವಳು ತಾಯಿಯ ಬಳಿ ಮರಳಿದ್ದು ದಾಖಲಾಗಿದೆ. ಜೂನ್ 19ಕ್ಕೆ ತುರೆಲ್ ಬಂದೀಖಾನೆ, ಆಗಸ್ಟ್ 13ಕ್ಕೆ ದ್ರಾಂಸಿ ಶಿಬಿರ, ಸೆಪ್ಟೆಂಬರ್ 18ಕ್ಕೆ ತಂದೆಯ ಜೊತೆ ಆಶ್ವಿತ್ಸ್‌ಗೆ ಹೊರಟ ರೈಲು. ಪುಸ್ತಕದ ಕೊನೆಯಲ್ಲಿ ಮೊದಿಯಾನೊ ಆ ಗೊತ್ತಿಲ್ಲದ ದಿನಗಳನ್ನು ಅವಳ ಗುಟ್ಟು ಎಂದು ಕರೆಯುತ್ತಾರೆ. ಕೊಂದವರಾಗಲಿ, ಕಡತ ಬರೆದ ಅಧಿಕಾರಿಗಳಾಗಲಿ ಅದನ್ನು ಅವಳಿಂದ ಕಸಿದುಕೊಳ್ಳಲಾಗಲಿಲ್ಲ. ಎಂಟೊಂಬತ್ತು ವರ್ಷ ಹುಡುಕಿದ ಲೇಖಕ ಹುಡುಕಾಟ ಸೋತ ಜಾಗದಲ್ಲೇ ಅವಳಿಗೆ ಗೌರವ ಸಲ್ಲಿಸುತ್ತಾರೆ.

ಇದನ್ನು ಕಾದಂಬರಿ ಎನ್ನಬಹುದೇ ಎಂಬ ನಿಮ್ಮ ಪ್ರಶ್ನೆಗೆ ಇಲ್ಲೇ ಒಂದು ಮುಖ್ಯ ಸಂಗತಿ ಹೇಳಿಬಿಡುತ್ತೇನೆ. ಫ್ರಾನ್ಸಿನಿಂದ ಸಾವಿನ ಶಿಬಿರಗಳಿಗೆ ಸಾಗಿಸಲಾದ ಯೆಹೂದಿಗಳ ಹೆಸರುಗಳನ್ನು 1978ರಲ್ಲಿ ಒಂದು ಬೃಹತ್ ಸ್ಮರಣಗ್ರಂಥವಾಗಿ ತಂದವರು ಸೆರ್ಜ್ ಕ್ಲಾರ್ಸ್‌ಫೆಲ್ಡ್. ಡೋರಾಳ ಬಗ್ಗೆ ಅವರು ಮೊದಿಯಾನೊಗೆ ಪತ್ರ ಬರೆದು ಮಾಹಿತಿ ಒದಗಿಸಿದ್ದರು. ಪುಸ್ತಕ ಬಂದಾಗ ಆ ಶೋಧದಲ್ಲಿ ಕ್ಲಾರ್ಸ್‌ಫೆಲ್ಡ್ ಇರಲೇ ಇಲ್ಲ, ಅವರು ಇದಕ್ಕೆ ಆಕ್ಷೇಪವನ್ನೂ ಹೇಳಿದರು. ಒಂಟಿಯಾಗಿ ಊರು ಸುತ್ತುವ ಆ ಶೋಧಕ ಒಂದು ಪಾತ್ರ, ಮೊದಿಯಾನೊ ಕಟ್ಟಿದ ಪಾತ್ರ. ಡೋರಾಳ ವಿಷಯದಲ್ಲಿ ಏನನ್ನೂ ಕಟ್ಟಬಾರದೆಂದು ಪಟ್ಟು ಹಿಡಿದ ಲೇಖಕ ತಮ್ಮ ವಿಷಯದಲ್ಲಿ ಕಟ್ಟಿದ್ದಾರೆ. ಕ್ಲಾರ್ಸ್‌ಫೆಲ್ಡ್ ಅವರಿಗಾದ ನೋವು ನನಗೆ ನ್ಯಾಯವಾದದ್ದೆಂದೇ ಅನ್ನಿಸುತ್ತದೆ. ಆದರೆ ಈ ಪುಸ್ತಕ ಇತಿಹಾಸದ ವರದಿಯಾಗದೆ ಕಾದಂಬರಿಕಾರನ ಕೃತಿಯಾಗುವುದೂ ಆ ಕಟ್ಟುವಿಕೆಯಿಂದಲೇ. ಇದರಾಚೆಗೆ ಪ್ರಕಾರದ ಹಣೆಪಟ್ಟಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಸೆರ್ಜ್ ದುಬ್ರೋವ್ಸ್ಕಿ 1977ರಲ್ಲಿ ತನ್ನ ಪುಸ್ತಕಕ್ಕೆ ‘ಓಟೊಫಿಕ್ಸಿಯೊಂ’, ಅಂದರೆ ಸ್ವಂತದ ಕಲ್ಪಿತಕಥೆ, ಎಂಬ ಹೆಸರು ಕೊಟ್ಟಂದಿನಿಂದ ಅಲ್ಲಿ ಆ ಚರ್ಚೆ ಮುಗಿದೇ ಇಲ್ಲ, ಒಳ್ಳೆಯ ಪುಸ್ತಕಗಳು ಅದಕ್ಕಾಗಿ ಕಾದೂ ಇಲ್ಲ.

ಡೋರಾಳ ತಾಯಿ ಸೆಸೀಲ್‌ಳನ್ನು 1943ರ ಫೆಬ್ರುವರಿ 11ರಂದು ದ್ರಾಂಸಿಯಿಂದ ಸಾಗಿಸಿದರು. ಅದೇ ದಿನ, ಅದೇ ಶಿಬಿರದಿಂದ ಸಾಗಿಸಲ್ಪಟ್ಟ ಇನ್ನೊಬ್ಬ ತಾಯಿಯಿದ್ದಳು: ಜಾರ್ಜ್ ಪೆರೆಕ್‌ನ ತಾಯಿ ಸಿರ್ಲಾ. ಮಗನಿಗೆ ಆಗ ಇನ್ನೂ ಏಳು ತುಂಬಿರಲಿಲ್ಲ. ತಂದೆ 1940ರಲ್ಲೇ ಯುದ್ಧದಲ್ಲಿ ಸತ್ತಿದ್ದ. ಈ ಹುಡುಗ ದೊಡ್ಡವನಾಗಿ 1975ರಲ್ಲಿ ಬರೆದ ‘ಡಬ್ಲ್ಯೂ, ಅಥವಾ ಬಾಲ್ಯದ ನೆನಪು’ ಎಂಬ ಪುಸ್ತಕದಲ್ಲಿ ತನ್ನ ಕಥೆ ಶುರು ಮಾಡುವುದೇ ತನಗೆ ಬಾಲ್ಯದ ನೆನಪುಗಳಿಲ್ಲ ಎಂಬ ಮಾತಿನಿಂದ. ನೀವು ಮುಂದೆ ಓದಬೇಕಾದ ಮೊದಲ ಪುಸ್ತಕ ಇದು. ಅಧ್ಯಾಯ ಬಿಟ್ಟು ಅಧ್ಯಾಯ ಎರಡು ಎಳೆಗಳು ನಡೆಯುತ್ತವೆ. ಒಂದರಲ್ಲಿ ಕ್ರೀಡೆಯೇ ಧರ್ಮವಾದ ಒಂದು ಕಲ್ಪಿತ ದ್ವೀಪ. ಓದುತ್ತಾ ಓದುತ್ತಾ ಅದರ ನಿಯಮಗಳು ಯಾತನಾ ಶಿಬಿರದ ನಿಯಮಗಳೆಂದು ನಮಗೆ ಹೊಳೆಯುತ್ತದೆ. ಇನ್ನೊಂದರಲ್ಲಿ ಪೆರೆಕ್‌ನ ಬಾಲ್ಯ. ಅದೂ ತಪ್ಪುಗಳನ್ನು ತಾನೇ ಪಟ್ಟಿ ಮಾಡಿಕೊಂಡು ತಿದ್ದುತ್ತಾ ಹೋಗುವ ಬರಹ.

ತಾಯಿಯನ್ನು ಕೊನೆಯ ಸಲ ನೋಡಿದ ಪ್ರಸಂಗವನ್ನೇ ನೋಡಿ. ಪ್ಯಾರಿಸ್ಸಿನ ಗಾರ್ ದ ಲಿಯೊಂ ರೈಲು ನಿಲ್ದಾಣ. ರೆಡ್‌ಕ್ರಾಸ್‌ನವರು ಮಕ್ಕಳನ್ನು ಸುರಕ್ಷಿತ ಜಾಗಕ್ಕೆ ಕರೆದೊಯ್ಯುತ್ತಿದ್ದಾರೆ. ತಾಯಿ ಒಂದು ಚಾರ್ಲಿ ಚಾಪ್ಲಿನ್ ಚಿತ್ರಕಥೆಯ ಪುಸ್ತಕ ಕೊಡಿಸುತ್ತಾಳೆ. ಅದರ ಮುಖಪುಟದಲ್ಲಿ ಚಾಪ್ಲಿನ್ ಪ್ಯಾರಾಚೂಟಿಗೆ ಜೋತುಬಿದ್ದಿದ್ದಾನೆ. ತನ್ನ ಕೈ ಮುರಿದಿತ್ತು, ಕುತ್ತಿಗೆಗೆ ಬಟ್ಟೆ ಕಟ್ಟಿ ಅದನ್ನು ತೂಗುಹಾಕಿದ್ದರು ಎಂದು ಪೆರೆಕ್‌ಗೆ ಚೆನ್ನಾಗಿ ನೆನಪು. ಸೋದರತ್ತೆಯನ್ನು ಕೇಳಿದರೆ, ಕೈಗೆ ಏನೂ ಆಗಿರಲಿಲ್ಲವಲ್ಲ ಅನ್ನುತ್ತಾಳೆ. ಬಹುಶಃ ಇದ್ದದ್ದು ಹರ್ನಿಯಾಕ್ಕೆ ಕಟ್ಟುವ ಪಟ್ಟಿ. ಹಾಗಾದರೆ ಮುರಿದ ಕೈ ಎಲ್ಲಿಂದ ಬಂತು? ತಾಯಿಯಿಂದ ಕಿತ್ತುಕೊಂಡ ಮಗುವಿಗೆ ಯಾವುದೋ ಒಂದು ಆಸರೆ, ಬೀಳದಂತೆ ಹಿಡಿಯುವ ಒಂದು ಕಟ್ಟು ಬೇಕಾಗಿತ್ತು. ಅದನ್ನು ನೆನಪೇ ಹೊಲಿದುಕೊಟ್ಟಿತು. ಪೆರೆಕ್ ಸುಳ್ಳು ನೆನಪನ್ನು ಅಳಿಸಿಹಾಕುವುದಿಲ್ಲ, ಹಾಗೇ ಇಟ್ಟು ಪಕ್ಕದಲ್ಲಿ ಅದು ಸುಳ್ಳೆಂದು ಬರೆಯುತ್ತಾನೆ. ಪುಸ್ತಕದ ಎರಡು ಭಾಗಗಳ ನಡುವೆ ಒಂದು ಪುಟವಿದೆ; ಅದರಲ್ಲಿ ಆವರಣ ಚಿಹ್ನೆಯೊಳಗೆ ಮೂರು ಚುಕ್ಕೆಗಳಲ್ಲದೆ ಇನ್ನೇನೂ ಇಲ್ಲ. ಅಗಲಿಕೆ ನಡೆದದ್ದು ಅಲ್ಲಿ.

ಇನ್ನು ಫ್ರಾನ್ಸಿನಲ್ಲೇ ಏಕೆ ಎಂಬುದು. ಇದಕ್ಕೆ ಉತ್ತರ ರಾಜಕೀಯದ್ದು. ಜರ್ಮನಿಗೆ ಸೋತ ಫ್ರಾನ್ಸನ್ನು ವಿಶಿ ಎಂಬ ಊರಿನಿಂದ ಆಳಿದ ಫ್ರೆಂಚ್ ಸರ್ಕಾರ, ಅಂದರೆ ವಿಶಿ ಸರ್ಕಾರ, 1940ರಿಂದ 1944ರವರೆಗೆ ಜರ್ಮನರ ಜೊತೆ ಕೈಜೋಡಿಸಿತ್ತು; 1942ರ ಜುಲೈ 16 ಮತ್ತು 17ರಂದು ಪ್ಯಾರಿಸ್ಸಿನಲ್ಲಿ ಸುಮಾರು 13,000 ಯೆಹೂದಿಗಳನ್ನು ಮನೆಮನೆಗೆ ಹೋಗಿ ಹಿಡಿದವರು ಫ್ರೆಂಚ್ ಪೊಲೀಸರು. ಯುದ್ಧ ಮುಗಿದ ಮೇಲೆ ಇಡೀ ದೇಶವೇ ಪ್ರತಿರೋಧ ಒಡ್ಡಿತ್ತು ಎಂಬ ಕಥೆಯನ್ನು ಸರ್ಕಾರಗಳು ಬೆಳೆಸಿದವು. ಜನರ ದೈನಂದಿನ ಸಹಕಾರವನ್ನು ತೋರಿಸಿದ ಮಾರ್ಸೆಲ್ ಓಫ್ಯುಲ್ಸ್‌ನ 1969ರ ಸಾಕ್ಷ್ಯಚಿತ್ರ ಫ್ರೆಂಚ್ ಟಿವಿಯಲ್ಲಿ ಬರಲು 1981 ಆಗಬೇಕಾಯಿತು. ವಿಶಿಯ ಹೊಣೆಯನ್ನು ದಾಖಲೆ ಸಮೇತ ಮುಂದಿಟ್ಟ ಇತಿಹಾಸಕಾರ ಅಮೆರಿಕದ ರಾಬರ್ಟ್ ಪ್ಯಾಕ್ಸ್‌ಟನ್; ಅವರ ಪುಸ್ತಕ ಫ್ರೆಂಚಿಗೆ ಬಂದದ್ದು 1973ರಲ್ಲಿ. ಫ್ರಾನ್ಸ್ ಈ ಅಪರಾಧದಲ್ಲಿ ಪಾಲುದಾರ ಎಂದು ಒಬ್ಬ ರಾಷ್ಟ್ರಾಧ್ಯಕ್ಷರು, ಜಾಕ್ ಶಿರಾಕ್, ಒಪ್ಪಿಕೊಂಡದ್ದು 1995ರ ಜುಲೈ 16ರಂದು. ಮೊದಿಯಾನೊ ತಮ್ಮ ಮೊದಲ ಕಾದಂಬರಿಯನ್ನು ಇದೇ ವಿಷಯದ ಮೇಲೆ ಪ್ರಕಟಿಸಿದ್ದು 1968ರಲ್ಲಿ! ಇತಿಹಾಸಕಾರರು, ನ್ಯಾಯಾಲಯ, ಸರ್ಕಾರ ಎಲ್ಲರಿಗಿಂತ ಮೊದಲು ಕಾದಂಬರಿ ಅಲ್ಲಿಗೆ ಹೋಗಿ ಕೂತಿತ್ತು.

ಫ್ರಾನ್ಸಿನ ವಸಾಹತಾಗಿದ್ದು ಹೋರಾಡಿ ಸ್ವತಂತ್ರವಾದ ಅಲ್ಜೀರಿಯಾದ್ದೂ ಹೀಗೇ. 1954ರಿಂದ 1962ರವರೆಗೆ ಅಲ್ಲಿ ನಡೆದದ್ದನ್ನು ಫ್ರೆಂಚ್ ಕಾನೂನು ‘ಯುದ್ಧ’ ಎಂದು ಕರೆದದ್ದು 1999ರಲ್ಲಿ. ಅಷ್ಟು ವರ್ಷ ಅದು ಬರೀ ‘ಕಾರ್ಯಾಚರಣೆ’. ಯುದ್ಧವೇ ನಡೆದಿಲ್ಲ ಎಂದಾದರೆ ಅಲ್ಲಿಂದ ಮರಳಿದ ಹುಡುಗರು ಮನೆಯಲ್ಲಿ ಏನು ಹೇಳಬೇಕು? 1961ರ ಅಕ್ಟೋಬರ್ 17ರಂದು ಪ್ಯಾರಿಸ್ಸಿನಲ್ಲೇ ಮೆರವಣಿಗೆ ಹೊರಟ ಅಲ್ಜೀರಿಯನ್ನರನ್ನು ಪೊಲೀಸರು ಕೊಂದರು. ಆಗಿನ ಪೊಲೀಸ್ ಮುಖ್ಯಸ್ಥ ಮೊರಿಸ್ ಪಾಪೋಂ ವಿಶಿ ಕಾಲದಲ್ಲಿ ಬೋರ್ಡೋದಿಂದ ಯೆಹೂದಿಗಳನ್ನು ಸಾಗಿಸಿದ ಆಡಳಿತದಲ್ಲಿದ್ದವನು. ಈ ಎರಡು ಕಾಲಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ದಿದಿಯೇ ದೆನಾಂಕ್ಸ್ ಎಂಬ ಲೇಖಕ ಒಂದು ಪತ್ತೇದಾರಿ ಕಾದಂಬರಿ ಬರೆದದ್ದು 1980ರ ದಶಕದ ಮೊದಲರ್ಧದಲ್ಲಿ. ಪಾಪೋಂಗೆ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು 1998ರಲ್ಲಿ.

ಲೊರಾಂ ಮೊವಿನ್ಯೇ ಅವರ ‘ದೇಸೊಮ್’ (2009) ಈ ಮೌನದ ಕಾದಂಬರಿ. ಒಂದು ಹಳ್ಳಿಯಲ್ಲಿ ಸೊಲಾಂಜ್ ಎಂಬಾಕೆಯ ಹುಟ್ಟುಹಬ್ಬ. ಕುಡಿದು ಹಾಳಾದ, ಕೈಯಲ್ಲಿ ಕಾಸಿಲ್ಲದ ಅಣ್ಣ ಅವಳಿಗೆ ಬೆಲೆಬಾಳುವ ಒಂದು ಬ್ರೂಚ್ ತಂದುಕೊಡುತ್ತಾನೆ. ಎಲ್ಲಿಂದ ಬಂತು ದುಡ್ಡು ಎಂದು ಮಾತು ಬೆಳೆಯುತ್ತದೆ. ಸಂಜೆಯೊಳಗೆ ಆ ಜಗಳ ಊರಿನ ಅಲ್ಜೀರಿಯನ್ ಕುಟುಂಬದ ಮನೆಬಾಗಿಲಿಗೆ ಹೋಗಿರುತ್ತದೆ, ರಾತ್ರಿಯಾಗುವಾಗ ಕಥೆ ನಲವತ್ತು ವರ್ಷ ಹಿಂದಕ್ಕೆ ಹೋಗಿರುತ್ತದೆ. ವಾಕ್ಯಗಳು ಅರ್ಧಕ್ಕೆ ನಿಲ್ಲುತ್ತವೆ, ತಿರುಗಿ ಶುರುವಾಗುತ್ತವೆ. ಹೇಳಲು ಹೊರಟವರಿಗೆ ಹೇಳುವ ಅಭ್ಯಾಸವೇ ತಪ್ಪಿಹೋಗಿದೆ ಎಂಬುದು ವಾಕ್ಯದ ನಡಿಗೆಯಲ್ಲೇ ತಿಳಿಯುತ್ತದೆ. ಯುದ್ಧದ ನೆನಪನ್ನು ವಾಕ್ಯದ ಮೈಕಟ್ಟಿನಲ್ಲೇ ತೋರಿಸುವ ವಿದ್ಯೆಯನ್ನು ಮೊದಲು ಸಾಧಿಸಿದವರು 1985ರಲ್ಲಿ ನೊಬೆಲ್ ಪಡೆದ ಕ್ಲೋದ್ ಸಿಮೋನ್. ಅವರನ್ನು ಆಮೇಲೆ ಓದಿ, ಅವಸರ ಬೇಡ.

ಎರ್ನೊ ಅವರ ದಾರಿ ಬೇರೆ. ಅವರು 1940ರಲ್ಲಿ ನಾರ್ಮಂಡಿಯಲ್ಲಿ ಹುಟ್ಟಿದವರು; ತಂದೆತಾಯಿ ಇವ್ತೊ ಎಂಬ ಸಣ್ಣ ಊರಿನಲ್ಲಿ ದಿನಸಿ ಅಂಗಡಿಯ ಜೊತೆಗೇ ಒಂದು ಕೆಫೆ ಇಟ್ಟುಕೊಂಡಿದ್ದರು. ಅವರಿಗೆ ನೆನಪಿಗೇನೂ ಕೊರತೆಯಿಲ್ಲ. ಅದು ತಮ್ಮೊಬ್ಬರದೇ ಎಂಬುದನ್ನು ಮಾತ್ರ ಅವರು ನಂಬುವುದಿಲ್ಲ. 1952ರ ಜೂನ್ ತಿಂಗಳ ಒಂದು ಭಾನುವಾರ ತಂದೆ ತಾಯಿಯನ್ನು ಕೊಲ್ಲಲು ಹೋದ. ಹನ್ನೆರಡು ತುಂಬದ ಹುಡುಗಿ ಅದನ್ನು ಕಂಡಳು. ‘ಲಾ ಒಂತ್’ (1997) ಪುಸ್ತಕದ ಮೊದಲ ವಾಕ್ಯವೇ ಇದನ್ನು ಹೇಳಿಬಿಡುತ್ತದೆ. ಮುಂದೆ ಬೇರೆಯವರಾದರೆ ಮನಸ್ಸಿನ ಗಾಯವನ್ನು ಬಗೆಯುತ್ತಿದ್ದರು. ಎರ್ನೊ ರುವಾಂ ನಗರದ ಪತ್ರಾಗಾರಕ್ಕೆ ಹೋಗಿ 1952ರ ಸ್ಥಳೀಯ ದಿನಪತ್ರಿಕೆಯನ್ನು ತಿರುವಿ ಹಾಕುತ್ತಾರೆ. ಅಲ್ಲಿ ಅವರ ಮನೆಯ ಸುದ್ದಿ ಇರುವುದಾದರೂ ಹೇಗೆ? ಆಮೇಲೆ ಅವರು ಆ ಊರಿನ ಕಟ್ಟುಪಾಡುಗಳನ್ನು ಒಂದೊಂದಾಗಿ ಬರೆಯುತ್ತಾರೆ: ಯಾವ ಬೀದಿಯಲ್ಲಿ ಯಾರಿದ್ದರು, ಅಂಗಡಿಯಲ್ಲಿ ಏನು ಮಾತಾಡಬಹುದಿತ್ತು, ಕ್ಯಾಥೊಲಿಕ್ ಶಾಲೆಯಲ್ಲಿ ಯಾವುದು ಮರ್ಯಾದೆ ಯಾವುದು ಅಲ್ಲ. ಆ ಭಾನುವಾರದ ನಂತರ ಹುಡುಗಿಯನ್ನು ಹಿಡಿದದ್ದು ಭಯಕ್ಕಿಂತ ಹೆಚ್ಚಾಗಿ ನಾಚಿಕೆ, ಆ ನಾಚಿಕೆಯ ಬೇರು ಮನೆಯ ಹೊರಗಿತ್ತು ಎಂದು ಓದುತ್ತಾ ನಮಗೆ ಅರಿವಾಗುತ್ತದೆ. ನೆನಪಿಗೆ ಚೌಕಟ್ಟು ಕೊಡುವುದು ನಾವಿರುವ ಸಮಾಜ ಎಂದು ಮೊರಿಸ್ ಹಾಲ್ಬ್‌ವಾಕ್ಸ್ ಎಂಬ ಸಮಾಜಶಾಸ್ತ್ರಜ್ಞ 1925ರಲ್ಲೇ ಬರೆದಿದ್ದ; 1945ರಲ್ಲಿ ಬುಕೆನ್‌ವಾಲ್ಡ್ ಶಿಬಿರದಲ್ಲಿ ಸತ್ತ. ಆ ಮಾತನ್ನು ಸಾಹಿತ್ಯವಾಗಿ ಬದುಕಿ ತೋರಿಸಿದವರು ಎರ್ನೊ.

‘ದಿ ಇಯರ್ಸ್’ (ಮೂಲ ಫ್ರೆಂಚಿನಲ್ಲಿ 2008) ನಿಮಗೆ ಬರೀ ಫೋಟೊಗಳ ಸಾಲಾಗಿ ಕಂಡಿದ್ದರೆ, ಅದರೊಳಗಿನ ಊಟಗಳನ್ನು ಹಿಡಿದು ಇನ್ನೊಮ್ಮೆ ಓದಿ. ಹಬ್ಬದ ದಿನ, ಭಾನುವಾರ, ಮನೆಮಂದಿ ಮೇಜಿನ ಸುತ್ತ ಕೂತಿರುತ್ತಾರೆ. ಯುದ್ಧ ಮುಗಿದ ವರ್ಷಗಳಲ್ಲಿ ದೊಡ್ಡವರು 1942ರ ಚಳಿ, ಹಸಿವು, ಬಾಂಬು ದಾಳಿ, ರೇಷನ್ ಇವನ್ನು ಹೇಳಿ ಹೇಳಿ ದಣಿಯುವುದಿಲ್ಲ. ಮಕ್ಕಳು ತಾವು ತಪ್ಪಿಸಿಕೊಂಡ ಆ ಕಾಲಕ್ಕಾಗಿ ಹಂಬಲಿಸುತ್ತವೆ. ಮುಂದಿನ ದಶಕದ ಊಟದಲ್ಲಿ ಆ ಮಾತು ಕಡಿಮೆಯಾಗುತ್ತದೆ. ಇನ್ನೂ ಮುಂದೆ ಹೋದರೆ ಅದನ್ನು ಹೇಳಬಲ್ಲವರೇ ಇಲ್ಲ, ಮೇಜಿನ ಮೇಲಿನ ಮಾತು ಹೊಸ ಯಂತ್ರಗಳ ಕಡೆಗೆ ತಿರುಗಿದೆ. ಕೊನೆಗೆ ಆ ಹುಡುಗಿಯೇ ಮೇಜಿನ ಹಿರಿಯಳು. ಅರುವತ್ತು ವರ್ಷಗಳಲ್ಲಿ ಒಂದು ದೇಶ ಹೇಗೆ ಮರೆಯುತ್ತದೆ ಎಂಬುದನ್ನು ಎರ್ನೊ ಇಷ್ಟೇ ಸಾಮಗ್ರಿಯಿಂದ ತೋರಿಸಿದ್ದಾರೆ. ಫೋಟೊದಲ್ಲಿರುವುದು ‘ಅವಳು’, ಊಟದ ಮೇಜಿನಲ್ಲಿರುವುದು ‘ನಾವು’. ‘ನಾನು’ ಬಂದರೆ ಅದು ಒಬ್ಬ ಹೆಂಗಸಿನ ಜೀವನವಾಗಿ ಕುಗ್ಗುತ್ತಿತ್ತು. ಒಂದು ಇಡೀ ಪೀಳಿಗೆಯ ಹೆಣ್ಣುಮಕ್ಕಳು ಫ್ರಾನ್ಸಿನಲ್ಲಿ ಆ ಪುಸ್ತಕವನ್ನು ತಮ್ಮದೆಂದು ಓದಿದ್ದಕ್ಕೆ ಕಾರಣ ಆ ಜಾಗ ಖಾಲಿಯಿದ್ದದ್ದು.

ಈ ಬಗೆಯ ಬರವಣಿಗೆ ಈಗ ಸುಲಭವಾಗಿಬಿಟ್ಟಿದೆ ಎಂಬ ಬೇಸರವೂ ನನಗಿದೆ. ಅಜ್ಜಿ ಸತ್ತ ಮೇಲೆ ಅಟ್ಟದಲ್ಲಿ ಒಂದು ಪೆಟ್ಟಿಗೆ, ಅದರಲ್ಲಿ ಕಾಗದಗಳು, ಮೊಮ್ಮಗಳ ಹುಡುಕಾಟ, ಕೊನೆಯ ಪುಟದೊಳಗೆ ಎಲ್ಲ ಗುಟ್ಟೂ ರಟ್ಟು. ಸತ್ತವರ ಬಾಯಿಗೆ ಮಾತು ತುರುಕುವ ಪುಸ್ತಕಗಳ ಬಗ್ಗೆ ನನಗೆ ಇನ್ನೂ ದೊಡ್ಡ ತಕರಾರಿದೆ. 2009ರಲ್ಲಿ ಯಾನಿಕ್ ಹೆನೆಲ್ ಪೋಲೆಂಡಿನ ಪ್ರತಿರೋಧ ಚಳವಳಿಯ ದೂತ ಯಾನ್ ಕಾರ್ಸ್ಕಿಯ ಮೇಲೆ ಬರೆದ ಕಾದಂಬರಿಯ ಮೂರನೆಯ ಭಾಗದಲ್ಲಿ ಕಾರ್ಸ್ಕಿಯೇ ‘ನಾನು’ ಎಂದು ಮಾತಾಡುತ್ತಾನೆ, ನಿಜವಾದ ಕಾರ್ಸ್ಕಿ ಎಂದೂ ಆಡದ ಮಾತುಗಳನ್ನು. ಕಾರ್ಸ್ಕಿಯನ್ನು ತನ್ನ ಚಿತ್ರಕ್ಕಾಗಿ ಸಂದರ್ಶಿಸಿದ್ದ ಕ್ಲೋದ್ ಲಾನ್ಸ್‌ಮನ್ ಇದನ್ನು ಕಟುವಾಗಿ ಖಂಡಿಸಿದರು. ಕಾದಂಬರಿಕಾರನಿಗೆ ಸ್ವಾತಂತ್ರ್ಯ ಬೇಡವೇ ಎಂದು ಹೆನೆಲ್ ಪರವಾಗಿ ವಾದಿಸಿದವರೂ ಇದ್ದರು. ನನ್ನ ಮನಸ್ಸು ಲಾನ್ಸ್‌ಮನ್ ಕಡೆಗಿದೆ. ಕಲ್ಪನೆಗೆ ನಾನು ವಿರೋಧಿಯಲ್ಲ. ಎಲ್ಲಿಗೆ ಗೊತ್ತಿರುವುದು ಮುಗಿಯಿತು, ಎಲ್ಲಿಂದ ಕಲ್ಪನೆ ಶುರುವಾಯಿತು ಎಂಬ ಗೆರೆ ಆ ಭಾಗವನ್ನು ಓದುವಾಗ ಕಣ್ಣಿಗೆ ಬೀಳುವುದಿಲ್ಲ.

ಆ ಗೆರೆಯನ್ನು ತೋರಿಸುತ್ತಲೇ ಧಾರಾಳವಾಗಿ ಕಲ್ಪಿಸಬಹುದು ಎಂಬುದಕ್ಕೆ ಅಲೀಸ್ ಜೆನಿತೇರ್ ಅವರ ‘ಲಾರ್ ದ ಪೆರ್ದ್ರ್’ (2017) ಸಾಕ್ಷಿ. ಅಲ್ಜೀರಿಯಾದ ಯುದ್ಧದಲ್ಲಿ ಫ್ರೆಂಚರ ಕಡೆಯವರೆನಿಸಿಕೊಂಡ ಸ್ಥಳೀಯರನ್ನು ‘ಹಾರ್ಕಿ’ ಎನ್ನುತ್ತಾರೆ. 1962ರಲ್ಲಿ ಫ್ರಾನ್ಸಿಗೆ ಓಡಿಬಂದವರನ್ನು ಸರ್ಕಾರ ರಿವ್‌ಸಾಲ್ತ್‌ನಂಥ ಶಿಬಿರಗಳಲ್ಲಿ ಮುಳ್ಳುತಂತಿಯ ಹಿಂದೆ ಇರಿಸಿತು. ಕಾದಂಬರಿಯಲ್ಲಿ ಅಜ್ಜ ಅಲಿ ಬಾಯಿ ಬಿಡುವುದಿಲ್ಲ, ಅಪ್ಪ ಹಮೀದ್ ಕೇಳುವುದನ್ನೇ ಬಿಟ್ಟಿದ್ದಾನೆ, ಪ್ಯಾರಿಸ್ಸಿನಲ್ಲಿರುವ ಮೊಮ್ಮಗಳು ನಯೀಮಾಗೆ ಅಜ್ಜಿಯ ಜೊತೆ ಮನಬಿಚ್ಚಿ ಮಾತಾಡಲು ಭಾಷೆಯೇ ಇಲ್ಲ. ನಿರೂಪಕಿ ಅಲ್ಲಲ್ಲಿ ನಿಂತು, ಇದು ನಯೀಮಾಗೆ ಗೊತ್ತಿಲ್ಲ, ಈ ಭಾಗಕ್ಕೆ ಚೂರುಪಾರು ಚಿತ್ರಗಳಷ್ಟೇ ಉಳಿದಿವೆ, ಅವುಗಳ ನಡುವಿನ ಮೌನಕ್ಕೆ ಸಂಶೋಧನೆಯಂತೆಯೇ ಕಥೆಯೂ ಬೇಕು ಎಂದು ಬಿಚ್ಚಿ ಹೇಳುತ್ತಾಳೆ. ಹೇಳಿಯೇ ಕಥೆ ಕಟ್ಟುತ್ತಾಳೆ. ದಪ್ಪ ಪುಸ್ತಕವಾದರೂ ಕಥೆಯ ಓಟವಿದೆ. ಕಥೆಯೇ ಇಲ್ಲವೆಂಬ ನಿಮ್ಮ ದೂರು ಇಲ್ಲಿ ಬರಲಾರದು.

ಹಾಗಾಗಿ ನನ್ನ ಸಲಹೆ: ಮೊದಲು ಪೆರೆಕ್, ಅಡಿಟಿಪ್ಪಣಿಗಳನ್ನು ಬಿಡದೆ ಓದಿ, ಅಸಲು ಕಥೆ ಅವುಗಳಲ್ಲೇ ನಡೆಯುತ್ತದೆ. ಅದರ ನಂತರ ಎರ್ನೊ ತಂದೆಯ ಬಗ್ಗೆ ಬರೆದ ‘ಎ ಮ್ಯಾನ್ಸ್ ಪ್ಲೇಸ್’. ಒಂದೇ ಕೂತಲ್ಲಿ ಮುಗಿಯುವಷ್ಟು ಚಿಕ್ಕದು, ‘ದಿ ಇಯರ್ಸ್’ಗೆ ಬಾಗಿಲು ಅದೇ ಆಗಬೇಕಿತ್ತು. ಮೂರನೆಯದಾಗಿ ಜೆನಿತೇರ್, ಇಂಗ್ಲಿಷಿನಲ್ಲಿ ‘ದಿ ಆರ್ಟ್ ಆಫ್ ಲೂಸಿಂಗ್’. ಇಷ್ಟಾದ ಮೇಲೆ ‘ಡೋರಾ ಬ್ರೂಡರ್’ಗೆ ಮರಳುವಾಗ ಪಕ್ಕದಲ್ಲಿ ಪ್ಯಾರಿಸ್ಸಿನ ನಕ್ಷೆ ತೆರೆದಿಟ್ಟುಕೊಳ್ಳಿ. ಉತ್ತರದ ಬುಲ್ವಾರ್ ಓರ್ನಾನೊದಿಂದ ಪೂರ್ವದಂಚಿನ ರ್‍ಯೂ ದ ಪಿಕ್ಪ್ಯೂಸ್‌ವರೆಗೆ ಬೆರಳಿಟ್ಟು ನೋಡಿದರೆ, ಒಬ್ಬ ಹುಡುಗಿ ಮನೆಯಿಂದ ಎಷ್ಟು ದೂರದಲ್ಲಿದ್ದಳೆಂದು ಗೊತ್ತಾಗುತ್ತದೆ. ಹದಿನೆಂಟನೆಯ ವಿಭಾಗದಲ್ಲಿ, ಅವಳ ಮನೆಯಿದ್ದ ಕಡೆಯೇ, ಒಂದು ಕಾಲುದಾರಿಗೆ 2015ರಲ್ಲಿ ಅವಳ ಹೆಸರಿಟ್ಟಿದ್ದಾರೆ. ಇಂದಿನ ನಕ್ಷೆಯಲ್ಲಿ ‘ಪ್ರೊಮೆನಾದ್ ಡೋರಾ ಬ್ರೂಡರ್’ ಎಂದು ಹುಡುಕಿದರೆ ಸಿಗುತ್ತದೆ.